ಶಾಲೆ ಬಿಟ್ಟ ದಾಖಲೆ ಇಲ್ಲದ ಶಾಲೆ

ನಮ್ಮ ಕಡೆ ಹುಡುಗನೊಬ್ಬ ಊರು ಬಿಟ್ಟ ಅನ್ನುವುದಕ್ಕೆ ಎರಡು ಗುರುತು. ಒಂದು, ಲಕ್ಷ್ಮೇಶ್ವರದ ಬಸ್‌ಸ್ಟ್ಯಾಂಡಿನಲ್ಲಿ ಅವನ ಕೈಯಲ್ಲಿರುವ ಚೀಲ. ಇನ್ನೊಂದು, ಶಾಲೆಯ ದಾಖಲಾತಿ ರಜಿಸ್ಟರಿನಲ್ಲಿ ಅವನ ಹೆಸರಿನ ಸಾಲಿನ ಕೊನೆಗೆ ಹೆಡ್‌ಮಾಸ್ತರರು ತುಂಬುವ ಎರಡು ಮನೆ: ಶಾಲೆ ಬಿಟ್ಟ ದಿನಾಂಕ, ಬಿಟ್ಟ ಕಾರಣ. ಬಾಳೆಹೊಸೂರಿರಲಿ, ಶಿರಹಟ್ಟಿಯಿರಲಿ, ಮುಂಡರಗಿಯಿರಲಿ, ಕಾರಣದ ಮನೆಯಲ್ಲಿ ಹೆಚ್ಚಾಗಿ ಇರುವುದು ಒಂದೇ ಮಾತು, ‘ಮುಂದಿನ ಶಿಕ್ಷಣಕ್ಕಾಗಿ’. ಅಲ್ಲಿಗೆ ಶಾಲೆಯ ಲೆಕ್ಕ ಚುಕ್ತಾ. ಆ ಹುಡುಗ ಮುಂದೆ ಪುಣೆಗೆ ಹೋದನೋ, ಗೋವಾಕ್ಕೆ ಹೋದನೋ, ದುಬೈಗೇ ಹೋದನೋ, ರಜಿಸ್ಟರಿಗೆ ಗೊತ್ತಿಲ್ಲ.

ಆ ಕೊರತೆ ತುಂಬಲಿಕ್ಕೆಂದೇ ಈಚಿನ ವರ್ಷಗಳಲ್ಲಿ ಗುರುವಂದನಾ ಕಾರ್ಯಕ್ರಮಗಳ ಸುಗ್ಗಿ ಎದ್ದಿದೆ. ಇಂತಿಷ್ಟನೇ ಇಸವಿಯ ಹತ್ತನೇ ಇಯತ್ತೆ ಬ್ಯಾಚಿನವರು ಎಂದು ವಾಟ್ಸ್ಯಾಪ್ ಗುಂಪು ಶುರುವಾಗುತ್ತದೆ. ಯಾರದೋ ತಮ್ಮನ ಹತ್ತಿರ ಯಾರದೋ ನಂಬರು ಸಿಗುತ್ತದೆ. ನಿವೃತ್ತ ಮಾಸ್ತರರಿಗೆ ಶಾಲು, ಹಾರ, ಊಟಕ್ಕೆ ಗೋದಿ ಹುಗ್ಗಿ, ಮಿರ್ಚಿ ಭಜಿ, ಶಾಲೆಗೊಂದು ಪ್ರೊಜೆಕ್ಟರೋ ನೀರಿನ ಟಾಕಿಯೋ. ಆ ದಿನ ಕಣ್ಣೀರು ಬರುವುದು ಸುಳ್ಳಲ್ಲ. ತಿಂಗಳು ಕಳೆದ ಮೇಲೆ ಗುಂಪಿನಲ್ಲಿ ಉಳಿಯುವುದು ಬೆಳಗಿನ ‘ಶುಭೋದಯ’ ಮತ್ತು ಒಂದು ಗುಲಾಬಿ ಹೂವು.

ಹತ್ತು ಹರದಾರಿ ಊರಿನ ಹುಡುಗರನ್ನು ಹಿಡಿದಿಟ್ಟುಕೊಳ್ಳುವುದೇ ಇಷ್ಟು ಕಷ್ಟವಾದರೆ, ಹಳೆಯ ವಿದ್ಯಾರ್ಥಿಗಳು ನ್ಯೂಯಾರ್ಕ್, ಉಲಾನ್‌ಬಾತರ್, ಕ್ಯಾಸ್ಪಿಯನ್ ಸಮುದ್ರದ ದಂಡೆಯಲ್ಲೆಲ್ಲ ಚದುರಿರುವ ಶಾಲೆಯ ಗತಿ ಏನು? ಅಂಥದೊಂದು ಶಾಲೆ ದೂರವಿಲ್ಲ. ಲಕ್ಷ್ಮೇಶ್ವರದಿಂದ ಪಡುವಣಕ್ಕೆ ಹೊರಟು ಶಿಗ್ಗಾಂವಿ, ಬಂಕಾಪುರ ದಾಟಿದರೆ ಎರೆಹೊಲ ಮುಗಿದು ಭತ್ತದ ಗದ್ದೆ, ಸಾಗವಾನಿ ಕಾಡು ಶುರುವಾಗುತ್ತದೆ. ಮುಂಡಗೋಡ ಬರುತ್ತದೆ. ಅಲ್ಲಿಂದ ತುಸು ಆಚೆ, ಗೋವಿನಜೋಳದ ಹೊಲಗಳ ನಡುವೆ ಬಂಗಾರದ ಬಣ್ಣದ ಶಿಖರಗಳು ಏಳುತ್ತವೆ. ನಮ್ಮ ಜನ ಅದಕ್ಕೆ ಟಿಬೆಟಿಯನ್ ಕಾಲೋನಿ ಅನ್ನುತ್ತಾರೆ, ಮಠಗಳಿರುವ ಭಾಗಕ್ಕೆ ಲಾಮಾ ಕ್ಯಾಂಪ್. ಚಳಿಗಾಲಕ್ಕೆ ಹುಬ್ಬಳ್ಳಿಯಲ್ಲಿ ಸ್ವೆಟರ್ ಮಾರಲು ಕೂರುವವರ ಊರು ಎಂದಷ್ಟೇ ಬಹಳ ಮಂದಿಗೆ ಗೊತ್ತು. ಆದರೆ ಅಲ್ಲಿರುವ ಡ್ರೆಪುಂಗ್ ಮತ್ತು ಗಾಡೆನ್, ಅವುಗಳ ಜೊತೆಗಿರುವ ಚಿಕ್ಕ ರಾತೊ, ನಿಜವಾಗಿ ವಿಶ್ವವಿದ್ಯಾಲಯಗಳು.

ಗಾಡೆನ್ ಹುಟ್ಟಿದ್ದು 1409ರಲ್ಲಿ, ಡ್ರೆಪುಂಗ್ 1416ರಲ್ಲಿ, ಎರಡೂ ಲಾಸಾ ಸಮೀಪ. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದಾಗ ಅವರ ಹಿಂದೆಯೇ ಓಡಿಬಂದ ಭಿಕ್ಷುಗಳಲ್ಲಿ ಸುಮಾರು 1,500 ಮಂದಿಯನ್ನು ಪಶ್ಚಿಮ ಬಂಗಾಳದ ಬಕ್ಸಾ ಕೋಟೆಯಲ್ಲಿ ಇರಿಸಿದರು. ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕುತ್ತಿದ್ದ ಜಾಗ ಅದು. ಆ ಸೆಕೆ, ಮಳೆ, ಕ್ಷಯರೋಗದ ನಡುವೆ ಹತ್ತು ವರ್ಷ ಅವರು ಪಾಠ ನಿಲ್ಲಿಸಲಿಲ್ಲ. ಇತ್ತ ಮೈಸೂರು ರಾಜ್ಯದಲ್ಲಿ ಟಿಬೆಟಿನ ನಿರಾಶ್ರಿತರಿಗೆ ಜಮೀನು ಸಿಕ್ಕಿತು. ಮೊದಲು ಬೈಲಕುಪ್ಪೆ, 1966ರಲ್ಲಿ ಮುಂಡಗೋಡ. 1970ರ ಆಸುಪಾಸಿನಲ್ಲಿ ಬಕ್ಸಾದ ಭಿಕ್ಷುಗಳು ದಕ್ಷಿಣಕ್ಕೆ ಬಂದರು. ಸೆರಾ ಮಠದವರು ಬೈಲಕುಪ್ಪೆಗೆ, ಡ್ರೆಪುಂಗ್ ಮತ್ತು ಗಾಡೆನ್‌ನವರು ಮುಂಡಗೋಡಕ್ಕೆ. ಹಗಲು ಕಾಡು ಕಡಿದು ಜೋಳ ಬಿತ್ತುವುದು, ಸಂಜೆ ತರ್ಕ. ಲಾಸಾದಲ್ಲಿ ಸಾವಿರಗಟ್ಟಲೆ ಇದ್ದ ಭಿಕ್ಷುಗಳಲ್ಲಿ ಇಲ್ಲಿಗೆ ಮುಟ್ಟಿದವರು ಕೆಲವೇ ನೂರು. ಈಗ ಮತ್ತೆ ಸಾವಿರಾರು ಮಂದಿ ಇದ್ದಾರೆ.

ಹಾಗಾಗಿ ‘ವಿದೇಶಿ ವಿದ್ಯಾರ್ಥಿ’ ಎಂಬ ಮಾತಿಗೆ ಮುಂಡಗೋಡದಲ್ಲಿ ವಿಚಿತ್ರ ಅರ್ಥ. ಅಲ್ಲಿ ಶಾಲೆಯೇ ವಿದೇಶಿ. ಕಲಿಸುವ ಗುರುವಿನ ಹತ್ತಿರ ಇರುವುದು ವಿದೇಶಿಯರಿಗೆ ಕೊಡುವ ನೋಂದಣಿ ಪತ್ರ. ಲಡಾಖಿನಿಂದಲೋ ತವಾಂಗಿನಿಂದಲೋ ಬಂದ ಹುಡುಗ ಮಾತ್ರ ಭಾರತೀಯ. ಡ್ರೆಪುಂಗ್‌ನ ಲೋಸೆಲಿಂಗ್ ಕಾಲೇಜಿನ ಲಿಂಗ್ ರಿನ್‌ಪೊಚೆ ಹಿಮಾಚಲದಲ್ಲೇ ಹುಟ್ಟಿದವರು. ಆದರೂ ತಾನು ಭಾರತದ ಪ್ರಜೆ ಎಂದು ಒಪ್ಪಿಸಲು ಅವರು ಕರ್ನಾಟಕ ಹೈಕೋರ್ಟಿಗೆ ಹೋಗಬೇಕಾಯಿತು. 2013ರಲ್ಲಿ ತೀರ್ಪು ಅವರ ಕಡೆಗೆ ಬಂತು.

ನನಗೆ ಈ ಶಾಲೆಯ ಮೇಲೆ ಕುತೂಹಲ ಹುಟ್ಟಿಸಿದ್ದು ಒಬ್ಬ ಅಮೆರಿಕನ್ನನ ಕತೆ. ನಿಕೊಲಸ್ ವ್ರೀಲ್ಯಾಂಡ್ ಹುಟ್ಟಿದ್ದು 1954ರಲ್ಲಿ, ಜಿನೀವಾದಲ್ಲಿ. ಅಪ್ಪ ರಾಜತಾಂತ್ರಿಕ. ಅಜ್ಜಿ ಡಯಾನಾ ವ್ರೀಲ್ಯಾಂಡ್ ‘ವೋಗ್’ ಪತ್ರಿಕೆಯ ಸಂಪಾದಕಿ, ಅಮೆರಿಕದ ಹೆಣ್ಣುಮಕ್ಕಳು ಯಾವ ವರ್ಷ ಏನು ಉಡಬೇಕು ಎಂದು ಹೇಳುತ್ತಿದ್ದವರು. ಮೊಮ್ಮಗ ಕ್ಯಾಮೆರಾ ಹಿಡಿದ. ಇರ್ವಿಂಗ್ ಪೆನ್, ರಿಚರ್ಡ್ ಅವೆಡನ್ ಅವರಂಥ ಘಟಾನುಘಟಿಗಳ ಕೈಕೆಳಗೆ ಕೆಲಸ ಕಲಿತ. ನ್ಯೂಯಾರ್ಕಿನಲ್ಲಿ ಅವನಿಗೆ ಸಿಕ್ಕ ಗುರು ಖ್ಯೊಂಗ್ಲಾ ರಾತೊ ರಿನ್‌ಪೊಚೆ. ಟಿಬೆಟಿನ ರಾತೊ ಮಠದಲ್ಲಿ ಓದಿ, ದೇಶ ಬಿಟ್ಟು, 1975ರಲ್ಲಿ ನ್ಯೂಯಾರ್ಕಿನಲ್ಲಿ ‘ಟಿಬೆಟ್ ಸೆಂಟರ್’ ಕಟ್ಟಿದವರು. ಅಂದರೆ ಅವರೂ ಒಂದು ಶಾಲೆಯ ಹಳೆಯ ವಿದ್ಯಾರ್ಥಿಯೇ. 1985ರಲ್ಲಿ ವ್ರೀಲ್ಯಾಂಡ್ ಭಿಕ್ಷುವಾಗಿ ಮುಂಡಗೋಡಕ್ಕೆ ಬಂದರು. ತರ್ಕಶಾಸ್ತ್ರಕ್ಕೆ ಹೆಸರಾದ ರಾತೊ ಆಗ ಕೆಲವೇ ಭಿಕ್ಷುಗಳಿದ್ದ ಬಡ ಮಠ. ಮೂವತ್ತು ದಾಟಿದ ಆ ಗಂಡಸು ಟಿಬೆಟನ್ ಭಾಷೆಯನ್ನು ಹತ್ತು ವರ್ಷದ ಪೋರರ ಸಾಲಿನಲ್ಲಿ ಕೂತು ಕಲಿಯಬೇಕಾಯಿತು. 1998ರಲ್ಲಿ ಮಠದ ಓದಿನ ಪದವಿಯಾದ ‘ಗೆಶೆ’ ಮುಗಿಸಿ ನ್ಯೂಯಾರ್ಕಿಗೆ ಮರಳಿದರು, ಗುರುವಿನ ಕೇಂದ್ರ ನೋಡಿಕೊಳ್ಳಲು.

ನಮ್ಮ ಲೆಕ್ಕದಲ್ಲಿ ಇಲ್ಲಿಗೆ ಕತೆ ಮುಗಿಯಬೇಕು. ಪದವಿ ಆಯಿತು, ಹುಡುಗ ಊರಿಗೆ ಹೋದ. ಆದರೆ ರಾತೊದಲ್ಲಿ ಭಿಕ್ಷುಗಳ ಸಂಖ್ಯೆ ಏರಿತು, ಮಲಗಲು ಜಾಗವಿಲ್ಲದಾಯಿತು, ಹೊಸ ಮಠ ಕಟ್ಟಬೇಕಾಯಿತು. ಹಣ ಕೂಡಿಸುವ ಕೆಲಸ ಬಿದ್ದದ್ದು ನ್ಯೂಯಾರ್ಕಿನ ಈ ಹಳೆಯ ವಿದ್ಯಾರ್ಥಿಯ ಮೇಲೆ. ಅಷ್ಟರಲ್ಲಿ 2008ರ ಆರ್ಥಿಕ ಕುಸಿತ ಬಂದು ದಾನಿಗಳ ಕೈ ಖಾಲಿಯಾಯಿತು. ಅರ್ಧಕ್ಕೆ ನಿಂತ ಗೋಡೆಗಳನ್ನು ಏನು ಮಾಡುವುದು? ಭಿಕ್ಷುವಾದ ಮೇಲೆ ಮೋಹ ಎಂದು ದೂರ ಇಟ್ಟಿದ್ದ ವಿದ್ಯೆಗೇ ಅವರು ಮರಳಿದರು. ತಾವು ತೆಗೆದ ಫೋಟೊಗಳ ಪ್ರದರ್ಶನಗಳನ್ನು ಊರೂರಲ್ಲಿ ನಡೆಸಿ ಮಾರಿದರು. ಆ ದುಡ್ಡಿನಲ್ಲಿ ಮುಂಡಗೋಡದ ಗೋಡೆಗಳು ಎದ್ದವು, 2011ರಲ್ಲಿ ದಲೈ ಲಾಮಾ ಬಂದು ಮಠವನ್ನು ಉದ್ಘಾಟಿಸಿದರು. ಮರುವರ್ಷ, 2012ರಲ್ಲಿ, ವ್ರೀಲ್ಯಾಂಡರನ್ನೇ ರಾತೊದ ಮಠಾಧಿಪತಿಯಾಗಿ ನೇಮಿಸಿದರು. ಟಿಬೆಟನ್ ಬೌದ್ಧರ ಗೆಲುಗ್ ಪಂಥದ ಇಂಥದೊಂದು ಮಠಕ್ಕೆ ಪಶ್ಚಿಮದವನೊಬ್ಬ ಮುಖ್ಯಸ್ಥನಾದದ್ದು ಅದೇ ಮೊದಲು. ಆಮೇಲೆ ಅವರದು ನ್ಯೂಯಾರ್ಕ್–ಮುಂಡಗೋಡದ ಓಡಾಟದ ಬಾಳು. 2014ರಲ್ಲಿ ಅವರ ಮೇಲೊಂದು ಸಾಕ್ಷ್ಯಚಿತ್ರವೂ ಬಂತು.

ಇಲ್ಲಿ ನನಗೆ ಮುಖ್ಯವಾಗಿ ಕಾಣುವುದು ಅವರ ದೊಡ್ಡ ಮನೆತನವಲ್ಲ. ಶಾಲೆ ಅವರನ್ನು ನೆನಪಿಟ್ಟುಕೊಂಡದ್ದು ಸನ್ಮಾನಕ್ಕಾಗಿ ಅಲ್ಲ, ಕೆಲಸಕ್ಕಾಗಿ. ನೀನು ಬೇಕು, ಇಂಥದಕ್ಕೆ ಬೇಕು ಎಂದು ಕೇಳಿತು. ಗುರುವಂದನೆಗೆ ಕರೆಯುವ ನಮ್ಮ ಶಾಲೆಗಳು ಹಳೆಯ ವಿದ್ಯಾರ್ಥಿಯಿಂದ ಟಾಕಿ ಕೇಳುತ್ತವೆ, ಅವನನ್ನೇ ಕೇಳುವುದಿಲ್ಲ.

ಈ ನಂಟಿನ ಬೇರು ಮಠದ ಕಟ್ಟೋಣದಲ್ಲೇ ಇದೆ. ಹುಡುಗ ಬಂದ ಕೂಡಲೇ ಅವನನ್ನು ತರಗತಿಗೆ ಸೇರಿಸುವುದಿಲ್ಲ, ಮೊದಲು ಮನೆಗೆ ಸೇರಿಸುತ್ತಾರೆ. ಡ್ರೆಪುಂಗ್‌ನಲ್ಲಿ ಲೋಸೆಲಿಂಗ್, ಗೋಮಾಂಗ್ ಎಂದು ಎರಡು ಕಾಲೇಜು. ಗಾಡೆನ್‌ನಲ್ಲಿ ಶಾರ್ತ್ಸೆ, ಜಾಂಗ್ತ್ಸೆ. ಪ್ರತಿ ಕಾಲೇಜಿನೊಳಗೆ ‘ಖಾಂಗ್ತ್ಸೆನ್’ ಎಂಬ ಮನೆಗಳು, ಒಂದೊಂದು ಸೀಮೆಯವರಿಗೆ ಒಂದೊಂದು. ಪೂರ್ವ ಟಿಬೆಟಿನ ಖಾಮ್ ಸೀಮೆಯವನಿಗೆ ಒಂದು ಮನೆ, ಲಡಾಖಿಯವನಿಗೆ ಇನ್ನೊಂದು, ಮಂಗೋಲನಿಗೆ ಮತ್ತೊಂದು. ಹಳೆಯ ಕಾಲದ ಧಾರವಾಡದ ಬೋರ್ಡಿಂಗುಗಳನ್ನು ನೆನೆಸಿಕೊಂಡರೆ ತುಸು ಅಂದಾಜು ಸಿಗಬಹುದು. ಆ ಮನೆಯಲ್ಲಿ ಅವನ ಊರಿನ ಮಾತಾಡುವ ಹಿರಿಯನೊಬ್ಬ ಅವನ ಪೋಷಕ. ಊಟ, ಬಟ್ಟೆ, ಜ್ವರ, ಬೈಗುಳ ಎಲ್ಲ ಅವನದೇ ಉಸ್ತುವಾರಿ. ಹುಡುಗ ಮುಂದೆ ಎಲ್ಲಿಗೆ ಹೋದರೂ ಖಾಂಗ್ತ್ಸೆನ್‌ನಿಂದ ಹೆಸರು ಕಡಿಯುವುದಿಲ್ಲ. ಊರಿನಿಂದ ಮುಂದಿನ ಹುಡುಗನನ್ನು ಕಳಿಸುವವನೂ ಬಹಳ ಸಲ ಅವನೇ. ಬಂದವನು ಇಳಿದುಕೊಳ್ಳುವುದು ಅದೇ ಮನೆಯಲ್ಲಿ.

ನಮಗೆ ಇದು ಹೊಸದೇನಲ್ಲ. ಶಿರಹಟ್ಟಿಯ ಫಕೀರೇಶ್ವರ ಮಠ, ಬಾಳೆಹೊಸೂರಿನ ದಿಂಗಾಲೇಶ್ವರ ಮಠಗಳ ಒಕ್ಕಲು ದುಡಿಯಲು ಮುಂಬೈಗೆ ಹೋಗಿ ಎರಡು ತಲೆಮಾರಾದರೂ ಯಾರೂ ಅವರನ್ನು ‘ಮಾಜಿ ಭಕ್ತ’ ಎನ್ನುವುದಿಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತ ಗಾಯಕ ಯಾವ ಊರಿನ ವೇದಿಕೆ ಹತ್ತಿದರೂ ಪಂಚಾಕ್ಷರಿ ಗವಾಯಿಗಳನ್ನು, ಪುಟ್ಟರಾಜರನ್ನು ನೆನೆಯದೆ ತಂಬೂರಿ ಮೀಟುವುದಿಲ್ಲ. ಮಠಕ್ಕೆ ಗೊತ್ತಿರುವ ಈ ವಿದ್ಯೆ ನಮ್ಮ ಸರಕಾರಿ ಶಾಲೆಗೆ ಯಾಕೆ ಬರಲಿಲ್ಲ? ಮಾಸ್ತರರನ್ನು ಆಗಾಗ ಎತ್ತಂಗಡಿ ಮಾಡುವ ಇಲಾಖೆಯನ್ನು ಕೇಳಬೇಕು. ಮರಳಿ ಬಂದ ಹುಡುಗನಿಗೆ ಗುರುತಿನ ಮುಖವೇ ಇಲ್ಲದಿದ್ದರೆ ಅವನು ಗೋಡೆಗೆ ನಮಸ್ಕಾರ ಮಾಡಬೇಕೆ?

ಇನ್ನು ಓದಿನ ಉದ್ದ. ಗೆಶೆ ಪದವಿಗೆ ಐದು ಮಹಾಗ್ರಂಥಗಳ ಸುತ್ತ ಹದಿನೈದು ಇಪ್ಪತ್ತು ವರ್ಷ. ಮೇಲಿನ ಲ್ಹರಂಪಾ ದರ್ಜೆ ಬೇಕೆಂದರೆ ಇನ್ನೂ ಆರು ವರ್ಷ ಪರೀಕ್ಷೆ. ಧರ್ಮಕೀರ್ತಿಯ ‘ಪ್ರಮಾಣವಾರ್ತಿಕ’, ಚಂದ್ರಕೀರ್ತಿಯ ‘ಮಧ್ಯಮಕಾವತಾರ’, ವಸುಬಂಧುವಿನ ‘ಅಭಿಧರ್ಮಕೋಶ’, ಇವೆಲ್ಲ ಈ ನೆಲದಲ್ಲೇ ಸಂಸ್ಕೃತದಲ್ಲಿ ಹುಟ್ಟಿ, ಟಿಬೆಟಿಗೆ ಹೋಗಿ, ಟಿಬೆಟನ್ ಭಾಷೆ ಹೊದ್ದು ಮುಂಡಗೋಡಕ್ಕೆ ಮರಳಿದ ಗ್ರಂಥಗಳು. ಮುಂಡರಗಿ ತಾಲ್ಲೂಕಿನ ನಮ್ಮ ದಂಬಳದಲ್ಲೇ 1095ರ ಶಾಸನವೊಂದು ಹದಿನಾರು ಸೆಟ್ಟಿಗಳು ಕಟ್ಟಿಸಿದ ಬೌದ್ಧ ವಿಹಾರದ ಮಾತು ಹೇಳುತ್ತದೆ, ತಾರಾದೇವಿಯ ಗುಡಿಯನ್ನು ಹೆಸರಿಸುತ್ತದೆ. ಆ ವಿಹಾರದಲ್ಲಿ ಕಲಿತವರು ಯಾವ ದಿಕ್ಕಿಗೆ ಹೋದರೋ. ಇವತ್ತು ತಾರೆಯ ಸ್ತೋತ್ರ ಕೇಳಬೇಕೆಂದರೆ ದಂಬಳದವರು ಮುಂಡಗೋಡದ ಬಸ್ಸು ಹತ್ತಬೇಕು.

ಸಂಜೆ ವಾದದ ಅಂಗಳ ನೋಡಿದವರಿಗೆ ಅದು ಮರೆಯುವುದಿಲ್ಲ. ಉತ್ತರಿಸುವವನು ನೆಲದ ಮೇಲೆ ಕೂತಿರುತ್ತಾನೆ, ಕೇಳುವವನು ನಿಂತಿರುತ್ತಾನೆ. ಪ್ರಶ್ನೆಯ ಕೊನೆಗೆ ಎಡಗಾಲು ಅಪ್ಪಳಿಸಿ ಎರಡೂ ಕೈ ಚಟ್ಟನೆ ತಟ್ಟುತ್ತಾನೆ. ನೂರಾರು ಜೋಡಿಗಳು ಒಟ್ಟಿಗೆ ಹೀಗೆ ಶುರುಮಾಡಿದರೆ ಎಪಿಎಂಸಿ ಸವಾಲಿನ ಗದ್ದಲವೂ ಸಪ್ಪೆ. ಇಪ್ಪತ್ತು ವರ್ಷ ಹೀಗೆ ಎದುರಾಬದುರಾ ಕೈ ತಟ್ಟಿದವರು ಒಬ್ಬರನ್ನೊಬ್ಬರು ಮರೆಯುವುದುಂಟೆ? ಸ್ವಿಟ್ಜರ್ಲೆಂಡಿನ ಜಾರ್ಜ್ ಡ್ರೇಫಸ್ ಪಶ್ಚಿಮದವರಲ್ಲಿ ಮೊದಲಿಗರಾಗಿ 1985ರಲ್ಲಿ ಗೆಶೆಯಾದರು. ಆಮೇಲೆ ಕಾಷಾಯ ಬಿಟ್ಟು ಅಮೆರಿಕದ ವಿಲಿಯಮ್ಸ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ಟಿಬೆಟಿನ ಮಠಗಳ ಓದಿನ ಬಗ್ಗೆ 2003ರಲ್ಲಿ ಅವರು ಬರೆದ ದೊಡ್ಡ ಪುಸ್ತಕದ ಹೆಸರಲ್ಲೇ ಎರಡು ಕೈ ತಟ್ಟುವ ಆ ಸದ್ದಿದೆ.

ವ್ರೀಲ್ಯಾಂಡ್ ಕತೆಗಿಂತ ಉದ್ದದ ಎಳೆ ಗೋಮಾಂಗ್‌ನದು. ಮಂಗೋಲರು, ಸೈಬೀರಿಯದ ಬುರ್ಯಾತರು, ವೋಲ್ಗಾ ತೀರದ ಕಲ್ಮೀಕರು ಶತಮಾನಗಳಿಂದ ಲಾಸಾದ ಡ್ರೆಪುಂಗ್ ಗೋಮಾಂಗ್‌ಗೆ ಮಕ್ಕಳನ್ನು ಕಳಿಸುತ್ತ ಬಂದವರು. ಬುರ್ಯಾತ ಅಗ್ವಾನ್ ದೋರ್ಜಿಯೆವ್ ಅಲ್ಲಿ ಓದಿ 13ನೇ ದಲೈ ಲಾಮಾ ಅವರ ಆಪ್ತನಾದ. ಝಾರನ ರಾಜಧಾನಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಬೌದ್ಧ ದೇವಾಲಯ ಎಬ್ಬಿಸಿದ. ಅವನ ಶಿಷ್ಯ, ಕಲ್ಮೀಕನಾದ ಗೆಶೆ ವಾಂಗ್ಯಾಲ್ ಕೂಡ ಗೋಮಾಂಗ್‌ನಲ್ಲೇ ಓದಿದ. ತನ್ನ ದೇಶಕ್ಕೆ ಮರಳುವಂತಿರಲಿಲ್ಲ. ಸ್ಟಾಲಿನ್ ಅಲ್ಲಿನ ಮಠಗಳನ್ನು ಮುಚ್ಚಿಸಿದ್ದ. 1943ರ ಡಿಸೆಂಬರಿನಲ್ಲಂತೂ ಇಡೀ ಕಲ್ಮೀಕ ಜನಾಂಗವನ್ನೇ ಸೈಬೀರಿಯಕ್ಕೆ ರೈಲು ಹತ್ತಿಸಿದ. ಅವರು ತಿರುಗಿ ಊರು ಕಂಡದ್ದು 1957ರಲ್ಲಿ. ಮಹಾಯುದ್ಧದ ನಂತರ ಯುರೋಪಿನಲ್ಲಿ ನಿರಾಶ್ರಿತರಾಗಿದ್ದ ಕೆಲವು ಕಲ್ಮೀಕರು ಅಮೆರಿಕದ ನ್ಯೂಜೆರ್ಸಿ, ಫಿಲಡೆಲ್ಫಿಯಾ ಸೇರಿದ್ದರು. ವಾಂಗ್ಯಾಲ್ 1955ರಲ್ಲಿ ಅವರ ನಡುವೆ ಹೋಗಿ ನೆಲೆಸಿ ಮಠ ಕಟ್ಟಿದರು.

ಆ ಫಿಲಡೆಲ್ಫಿಯಾದ ಕಲ್ಮೀಕ ಮನೆಯೊಂದರಲ್ಲಿ 1972ರಲ್ಲಿ ಹುಟ್ಟಿದ ಹುಡುಗನನ್ನು, 1979ರಲ್ಲಿ ಅಮೆರಿಕಕ್ಕೆ ಬಂದಿದ್ದ ದಲೈ ಲಾಮಾ ಅವರ ಸಲಹೆಯಂತೆ ಹೆತ್ತವರು ಕಳಿಸಿದ್ದು ಎಲ್ಲಿಗೆ? ಮುಂಡಗೋಡಕ್ಕೆ. ಲಾಸಾದ ಗೋಮಾಂಗ್ ಈಗ ಅಲ್ಲಿತ್ತಲ್ಲ. ಟೆಲೊ ತುಲ್ಕು ರಿನ್‌ಪೊಚೆ ಎಂದು ಹೆಸರಾದ ಆ ಹುಡುಗ ಬಾಲ್ಯ, ಹರೆಯ ಎರಡನ್ನೂ ನಮ್ಮ ಪಕ್ಕದ ಕಾಡಂಚಿನಲ್ಲಿ ಕಳೆದ. ಸೋವಿಯತ್ ಒಕ್ಕೂಟ ಕುಸಿಯುವ ಹೊತ್ತಿಗೆ, 1991ರಲ್ಲಿ, ದಲೈ ಲಾಮಾ ಜೊತೆ ಕಲ್ಮೀಕಿಯಾ ನೋಡಿದ. ಮರುವರ್ಷ ಅಲ್ಲಿಯ ಜನ ಅವನನ್ನೇ ತಮ್ಮ ಧರ್ಮದ ಮುಖ್ಯಸ್ಥನನ್ನಾಗಿ ಆರಿಸಿದರು. ವಯಸ್ಸು ಇಪ್ಪತ್ತು. ಅಮೆರಿಕದಲ್ಲಿ ಹುಟ್ಟಿ ಕರ್ನಾಟಕದಲ್ಲಿ ಬೆಳೆದ ಹುಡುಗನಿಗೆ ರಷ್ಯಾದ ಹೊಣೆ. ಹೊರೆ ಹೆಚ್ಚಾಯಿತು, ನಡುವೆ ಕಾಷಾಯ ಬಿಟ್ಟು ಸಂಸಾರಿಯೂ ಆದರು. ಮಠ ಅವರನ್ನು ಹೊರಗಿಡಲಿಲ್ಲ, ಕಲ್ಮೀಕರೂ ಬಿಡಲಿಲ್ಲ. 2005ರ ಡಿಸೆಂಬರಿನಲ್ಲಿ ಕಲ್ಮೀಕಿಯಾದ ರಾಜಧಾನಿ ಎಲಿಸ್ತಾದಲ್ಲಿ ದೊಡ್ಡ ಬೌದ್ಧ ದೇವಾಲಯ ತೆರೆಯಿತು. ಅಲ್ಲಿ ಪೂಜೆ, ಪಾಠಕ್ಕೆ ನಿಂತವರು ಗೋಮಾಂಗ್‌ನಿಂದ ಹೋದ ಭಿಕ್ಷುಗಳು. ಉಕ್ರೇನ್ ಯುದ್ಧ ತಪ್ಪು ಎಂದು 2022ರಲ್ಲಿ ಟೆಲೊ ತುಲ್ಕು ಬಾಯಿಬಿಟ್ಟು ಹೇಳಿದರು. 2023ರ ಜನವರಿಯಲ್ಲಿ ರಷ್ಯಾ ಸರಕಾರ ಅವರನ್ನು ‘ವಿದೇಶಿ ಏಜೆಂಟ್’ ಪಟ್ಟಿಗೆ ಸೇರಿಸಿತು, ಅವರು ಹುದ್ದೆ ಬಿಟ್ಟರು.

ಮಂಗೋಲಿಯದ ಕಡೆಯಿಂದಲೂ ಇಂಥದೇ ದಾರಿ. 1930ರ ದಶಕದ ಕೊನೆಗೆ ಅಲ್ಲಿ ಮಠಗಳನ್ನು ನೆಲಸಮ ಮಾಡಿ ಸಾವಿರಾರು ಲಾಮಾಗಳನ್ನು ಕೊಂದಿದ್ದರು. 1990ರಲ್ಲಿ ಕಟ್ಟು ಸಡಿಲಾದಾಗ ಉಲಾನ್‌ಬಾತರ್‌ಗೆ ಭಾರತದ ರಾಯಭಾರಿಯಾಗಿ ಹೋದವರು ಯಾರು ಅಂದರೆ, ಲಡಾಖಿನ ಕುಶೋಕ್ ಬಕುಲಾ ರಿನ್‌ಪೊಚೆ. ಹಿಂದೆ ಲೋಕಸಭೆಯಲ್ಲಿ ಲಡಾಖನ್ನು ಪ್ರತಿನಿಧಿಸಿದ್ದವರು, ಅದಕ್ಕೂ ಹಿಂದೆ ಲಾಸಾದ ಡ್ರೆಪುಂಗ್ ಲೋಸೆಲಿಂಗ್‌ನಲ್ಲಿ ಓದಿದವರು. ಹತ್ತು ವರ್ಷ ಅಲ್ಲೇ ಇದ್ದು ಮಂಗೋಲ ಹುಡುಗರನ್ನು ಓದಲು ಭಾರತಕ್ಕೆ ಕಳಿಸಿದರು, 1999ರಲ್ಲಿ ಉಲಾನ್‌ಬಾತರ್‌ನಲ್ಲೇ ಒಂದು ಮಠವನ್ನೂ ಕಟ್ಟಿಸಿದರು. ರಾಯಭಾರಿ ಕಚೇರಿ ಹಳೆಯ ವಿದ್ಯಾರ್ಥಿ ಸಂಘದ ಕೆಲಸ ಮಾಡಿದ್ದು ಇನ್ನೆಲ್ಲಾದರೂ ಇದೆಯೋ ಇಲ್ಲವೋ.

ದೊಡ್ಡ ಹೆಸರುಗಳು ಇನ್ನೂ ಇವೆ. ದಲೈ ಲಾಮಾ ಅವರ ಮಾತನ್ನು 1985ರಿಂದ ಇಂಗ್ಲಿಷಿಗೆ ತರುತ್ತಿರುವ ತುಪ್ತೆನ್ ಜಿನ್‌ಪಾ ಗಾಡೆನ್ ಶಾರ್ತ್ಸೆಯಲ್ಲಿ ಓದಿ, ಆಮೇಲೆ ಕೇಂಬ್ರಿಜ್‌ಗೆ ಹೋದವರು. ಕಿನ್ನೌರಿನ ಲೋಬ್ಸಾಂಗ್ ತೆನ್ಜಿನ್ ನೇಗಿ ಲೋಸೆಲಿಂಗ್‌ನಲ್ಲಿ ಓದಿ 1991ರಲ್ಲಿ ಅಟ್ಲಾಂಟಾದಲ್ಲಿ ಅದರದೇ ಶಾಖೆ ತೆರೆದರು. ಅದು 1998ರಲ್ಲಿ ಎಮೊರಿ ವಿಶ್ವವಿದ್ಯಾಲಯದ ಜೊತೆ ಕೈಜೋಡಿಸಿತು. ಅದರ ಫಲ ಮುಂಡಗೋಡಕ್ಕೇ ತಿರುಗಿ ಬಂತು. ಎಮೊರಿಯ ಅಧ್ಯಾಪಕರು ಬೇಸಿಗೆಯಲ್ಲಿ ಬಂದು ಭಿಕ್ಷುಗಳಿಗೆ ಭೌತವಿಜ್ಞಾನ, ಜೀವವಿಜ್ಞಾನ, ನರವಿಜ್ಞಾನ ಕಲಿಸಿದರು. ಟಿಬೆಟನ್ ಭಾಷೆಯಲ್ಲಿ ಇಲ್ಲದ ವಿಜ್ಞಾನದ ಪದಗಳನ್ನು ಕೂತು ಕಟ್ಟಿದರು. 2010ರಿಂದ ಕೆಲವು ಭಿಕ್ಷುಗಳು ಅಟ್ಲಾಂಟಾಕ್ಕೆ ಹೋಗಿ ಓದಿ ಮರಳತೊಡಗಿದರು. ಡ್ರೆಪುಂಗ್‌ನ 600ನೇ ವರ್ಷದ ಸಂದರ್ಭದಲ್ಲಿ, 2016ರ ಡಿಸೆಂಬರ್ 22ರಂದು, ಇಪ್ಪತ್ತು ಭಿಕ್ಷುಣಿಯರು ಮೊದಲ ಬಾರಿಗೆ ‘ಗೆಶೆಮಾ’ ಪದವಿ ಪಡೆದದ್ದೂ ಮುಂಡಗೋಡದಲ್ಲೇ. ಅಷ್ಟು ತಡವಾದದ್ದು ಹೆಮ್ಮೆಪಡುವ ವಿಷಯವೇನಲ್ಲ.

ಎಲ್ಲವೂ ಸುಸೂತ್ರ ಎಂದು ತಿಳಿಯಬಾರದು. ನಡುವೆ ಓದು ಬಿಟ್ಟು ಹೋಗುವವರು ಬಹಳ. 2008ರ ನಂತರ ಚೀನಾ ಗಡಿ ಬಿಗಿಯಾಗಿ ಟಿಬೆಟಿನಿಂದ ಬರುವ ಹುಡುಗರ ಸಂಖ್ಯೆ ತೀರಾ ಇಳಿದಿದೆ. ಟಿಬೆಟಿನವರ ಖಾಂಗ್ತ್ಸೆನ್‌ಗಳಲ್ಲಿ ಹಾಸಿಗೆ ಖಾಲಿ ಬೀಳುತ್ತಿವೆ. ಆ ಜಾಗವನ್ನು ಲಡಾಖ್, ಅರುಣಾಚಲ, ನೇಪಾಳ, ಮಂಗೋಲಿಯದವರು ತುಂಬುತ್ತಿದ್ದಾರೆ. ಲಾಸಾದಲ್ಲಿರುವ ಹಳೆಯ ಸಹಪಾಠಿಗೆ ಫೋನು ಮಾಡಿದರೆ ಆ ಕಡೆಯವನಿಗೆ ಅಪಾಯ. ಹಾಗಾಗಿ ಎಲಿಸ್ತಾ, ಅಟ್ಲಾಂಟಾ ಎಲ್ಲ ಹತ್ತಿರವಾದ ಶಾಲೆಗೆ ತಾನು ಹುಟ್ಟಿದ ಊರೇ ಎಲ್ಲಕ್ಕಿಂತ ದೂರ.

ಮರಳಿ ಬರುವವನ ದಾರಿಯಲ್ಲೂ ಒಂದು ಗೇಟು ಇದೆ. ವಿದೇಶಿಯರು ಮುಂಡಗೋಡ, ಬೈಲಕುಪ್ಪೆಯ ಶಿಬಿರಗಳಲ್ಲಿ ಉಳಿಯಬೇಕಾದರೆ ವೀಸಾ ಸಾಲದು, ಕೇಂದ್ರ ಗೃಹ ಸಚಿವಾಲಯದ ಸಂರಕ್ಷಿತ ಪ್ರದೇಶ ಪರವಾನಗಿ ಬೇಕು. ಇಪ್ಪತ್ತು ವರ್ಷ ಅದೇ ಅಂಗಳದಲ್ಲಿ ಕೈ ತಟ್ಟಿದವನಿಗೂ ಅದೇ ನಿಯಮ. ತಿಂಗಳುಗಟ್ಟಲೆ ಮೊದಲೇ ಅರ್ಜಿ ಹಾಕಬೇಕು. ಅರ್ಜಿಯಲ್ಲಿ ಎಲ್ಲಿ ಇಳಿದುಕೊಳ್ಳುತ್ತೀರಿ ಎಂದು ಕೇಳಿದರೆ ಅವನು ಬರೆಯುವುದು ಹತ್ತನೇ ವಯಸ್ಸಿನಲ್ಲಿ ಚೀಲ ಹಿಡಿದು ಬಂದಿಳಿದ ಅದೇ ಖಾಂಗ್ತ್ಸೆನ್‌ನ ಹೆಸರು.